ಸಂಗೀತ ಎತ್ತುವವರ ಮನೆ

ನಾನು ಹುಟ್ಟಾ ಪುಕ್ಕಲಿ. ಹಿತ್ತಿಲ ಬಾವಿಗೆ ಹೆದರುತ್ತಿದ್ದೆ, ಪಕ್ಕದ ಮನೆಯ ಹುಂಜಕ್ಕೆ ಹೆದರುತ್ತಿದ್ದೆ, ಸೈಕಲ್ಲಿನಲ್ಲಿ ಬಂದು ಮೂಗಿನಿಂದ ಹೆಸರು ಕೂಗುವ ಅಂಚೆಯವನಿಗೂ ಹೆದರುತ್ತಿದ್ದೆ. ಇವೆಲ್ಲ ಚಿಲ್ಲರೆ ಹೆದರಿಕೆಗಳು, ಮಧ್ಯಾಹ್ನದ ಊಟದ ಹೊತ್ತಿಗೆ ಮರೆತುಹೋಗುತ್ತಿದ್ದವು. ನನಗೆ ಹತ್ತು ತುಂಬಿದ ವರ್ಷ ಹೊಟ್ಟೆಯೊಳಗೆ ಹೊಕ್ಕು ಕುಳಿತ ಹೆದರಿಕೆ ಮಾತ್ರ ಒಂದು ದಿನವೂ ಎದ್ದು ಹೋಗಲಿಲ್ಲ. ನಮ್ಮ ಅಜ್ಜಿಗೆ ಕಿವಿ ಕೇಳುವುದಿಲ್ಲ ಎಂಬುದು ಎಲ್ಲಿ ಸಭೆಗೆ ಗೊತ್ತಾಗಿಬಿಡುತ್ತದೋ ಎಂಬ ಹೆದರಿಕೆ ಅದು. ಸಭೆ ಎಂದರೆ ನಮ್ಮ ಕಡೆಯ ಕ್ರೈಸ್ತರ ಮಾತಿನಲ್ಲಿ ಮೀಟಿಂಗ್ ಅಲ್ಲ. ಭಾನುವಾರ ಒಂಬತ್ತು ಗಂಟೆಗೆ ಒಂದೇ ಚರ್ಚಿನಲ್ಲಿ ಸೇರುವ ಅಷ್ಟೂ ಮನೆಗಳ ಜನ.

ಮನೆ ಇದ್ದದ್ದು ಕಾಪುವಿನಿಂದ ಇನ್ನಂಜೆಗೆ ಹೋಗುವ ದಾರಿಯಲ್ಲಿ, ಚರ್ಚಿನ ಕಂಪೌಂಡಿಗೆ ಬೆನ್ನು ಮಾಡಿಕೊಂಡು. ಮುಂದೆ ಚಾವಡಿ, ಎಡಕ್ಕೆ ಅಜ್ಜಿಯ ಕೋಣೆ, ಹಿಂದೆ ಹೊಗೆ ಹಿಡಿದ ಉದ್ದದ ಅಡುಗೆಮನೆ. ಮನೆಯೊಳಗೆ ನಮ್ಮದು ತುಳು, ದೇವರ ಜೊತೆಗೆ ಮಾತ್ರ ಕನ್ನಡ. ಹಾಗಾಗಿ ಇಲ್ಲಿ ನಾನು ಬರೆಯುವ ಮಾತುಗಳ ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದು ಕನ್ನಡದ ತಪ್ಪಲ್ಲ, ನನ್ನದು. ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಹಾಡಿನ ಅಭ್ಯಾಸ. ಒಬ್ಬೊಬ್ಬರ ಧ್ವನಿಗೂ ಒಂದೊಂದು ಜಾಗ ಇತ್ತು. ಕಿಟಕಿಯ ಹತ್ತಿರ ಅಜ್ಜಿ ಮತ್ತು ನಾನು, ಹೆಂಗಸರ ಮೇಲಿನ ಧ್ವನಿ ಸೊಪ್ರಾನೊ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ, ಅದಕ್ಕಿಂತ ಕೆಳಗಿನ ಆಲ್ಟೊ. ಒಲೆಯ ಮೇಲಿನ ಬಂಗುಡೆ ಸಾರಿನ ಮೇಲೂ ಒಂದು ಕಣ್ಣಿಡಲು ಆ ಜಾಗ ಅನುಕೂಲ. ಹೊಸ್ತಿಲ ಮೇಲೆ ಅಪ್ಪ, ಗಂಡಸರ ಮೇಲಿನ ಧ್ವನಿ ಟೆನರ್. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಬರುತ್ತಿದ್ದ ಅವನ ಬೆರಳುಗಳಿಂದ ಮಸಿ ಹೋದದ್ದನ್ನು ನಾನು ನೋಡಿದ್ದಿಲ್ಲ. ಎಲ್ಲಕ್ಕಿಂತ ಕೆಳಗಿನ ಬೇಸ್ ಧ್ವನಿ ನಮ್ಮ ಮನೆಯಲ್ಲಿ ಇರಲಿಲ್ಲ. ಅದಕ್ಕಾಗಿ ಪಕ್ಕದ ಮನೆಯ ಯಾಕೋಬ ಮಾಮ ಬೇಲಿ ದಾಟಿ ಬರುತ್ತಿದ್ದರು. ಹಂಚಿನ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಮನುಷ್ಯ, ಕೆಮ್ಮಿದರೂ ತಾಳಕ್ಕೆ ಸರಿಯಾಗಿ ಕೆಮ್ಮುತ್ತಿದ್ದರು.

ಚರ್ಚಿನಲ್ಲಿ ಪ್ರತಿ ಮನೆಗೂ ಒಂದು ಕೆಲಸ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಹೇಗೋ ಹಾಗೆ ನಡೆದುಬಂದದ್ದು. ಗಂಟೆ ಹೊಡೆಯುವುದು ಯಾಕೋಬ ಮಾಮನ ಮನೆಯದ್ದು. ಮಳೆಗಾಲಕ್ಕೆ ಮುಂಚೆ ಚರ್ಚಿನ ಮಾಡು ಹತ್ತಿ ಒಡೆದ ಹಂಚು ಬದಲಿಸುವುದು ಅಪ್ಪನದ್ದು. ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಸುವ ಕರ್ತನ ಭೋಜನದ ಮೇಜಿನ ಬಿಳಿ ಬಟ್ಟೆ ಒಗೆದು ಗಂಜಿ ಹಾಕುವುದು ಅಮ್ಮನದ್ದು. ಅಜ್ಜಿಯದ್ದು ಸಂಗೀತ ಎತ್ತುವುದು. ಆರಾಧನೆಯ ಹಾಡುಗಳಿಗೆ ನಾವು ಸಂಗೀತ ಎನ್ನುತ್ತೇವೆ. ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು, ಹಾಡಿನ ನಂಬರು ಹೇಳಿದ ಕೂಡಲೇ ಒಬ್ಬರು ಮೊದಲ ಸಾಲನ್ನು ಒಂಟಿಯಾಗಿ ಹಾಡಬೇಕು. ಅವರು ಹಿಡಿದ ಸ್ವರವನ್ನು ಉಳಿದವರು ಹಿಡಿದುಕೊಳ್ಳಬೇಕು. ಮೇಲೆ ಹಿಡಿದರೆ ಮೂರನೆಯ ಸಾಲಿಗೆ ಹೆಂಗಸರ ಕುತ್ತಿಗೆಯ ನರ ಎದ್ದು ನಿಲ್ಲುತ್ತದೆ. ಕೆಳಗೆ ಹಿಡಿದರೆ ಗಂಡಸರು ಮುಳುಗುತ್ತಾರೆ. ಚರ್ಚಿಗೆ ಒಂದು ಹಾರ್ಮೋನಿಯಂ ಇದ್ದದ್ದು ನಿಜ. ಉಪ್ಪುಗಾಳಿಗೆ ಅದರ ಬಾಯಿ ಬಿದ್ದು, ಒಳಗೆ ಇಲಿ ಮರಿ ಹಾಕಿ ಎಷ್ಟೋ ವರ್ಷ ಆಗಿತ್ತು. ಉಡುಪಿಯ ಬೋರ್ಡಿಂಗಿನಲ್ಲಿ ಅನಾಥೆಯಾಗಿ ಬೆಳೆದ ಅಜ್ಜಿಗೆ ತವರು ಎಂಬುದು ಇರಲಿಲ್ಲ, ಆಸ್ತಿ ಇರಲಿಲ್ಲ, ಗಂಡ ಬೇಗ ತೀರಿಕೊಂಡಿದ್ದ. ಭಾನುವಾರದ ಆ ಮೊದಲ ಸಾಲೊಂದೇ ಅವಳದ್ದಾಗಿತ್ತು. ಎಸ್ತೇರಮ್ಮ ಎತ್ತಿದರೆ ಸತ್ತವನೂ ಹಾಡಬೇಕು ಎಂದು ಊರಲ್ಲಿ ಹೇಳುತ್ತಿದ್ದರು.

ಅವಳ ಕಿವಿ ಹೋದದ್ದನ್ನು ಮೊದಲು ಕಂಡುಹಿಡಿದದ್ದು ನಾನಲ್ಲ, ಉಚ್ಚಿಲದಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಗಿರಿಜಕ್ಕ. ಗಿರಿಜಕ್ಕ ತಿರುವಿನಲ್ಲಿ ಒಮ್ಮೆ ಕೂಗಿದರೆ ಸಾಕು, ಅಜ್ಜಿ ಪಾತ್ರೆ ಹಿಡಿದು ಗೇಟಿನಲ್ಲಿ ಹಾಜರು. ಆ ದಿನ ಗಿರಿಜಕ್ಕ ಗೇಟಿಗೇ ಬಂದು ಮೂರು ಸಲ ಕೂಗಿದಳು. ಅಜ್ಜಿ ಜಗಲಿಯಲ್ಲಿ ಗೆರಸಿ ಹಿಡಿದು ಅಕ್ಕಿ ಆರಿಸುತ್ತಲೇ ಇದ್ದಳು.

"ಎಂತ ಅಮ್ಮಾ, ಇವತ್ತು ನನ್ನ ಮೇಲೆ ಕೋಪ ಉಂಟಾ?" ಎಂದಳು ಗಿರಿಜಕ್ಕ.

ನಾನು ಹೋಗಿ ಅಜ್ಜಿಯ ಭುಜ ಮುಟ್ಟಿದೆ. ಅವಳು ಬೆಚ್ಚಿದ ರೀತಿಗೆ ಗೆರಸಿಯ ಅಕ್ಕಿ ಜಗಲಿ ತುಂಬ ಚೆಲ್ಲಿತು. ಬುಟ್ಟಿ, ಗಿರಿಜಕ್ಕ, ನಾನು, ಹೀಗೆ ಒಂದೊಂದನ್ನೇ ನೋಡಿದಳು. ದೊಡ್ಡವರ ಕಣ್ಣಿನಲ್ಲೂ ಹೆದರಿಕೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ನನ್ನ ಹೆದರಿಕೆಗಳನ್ನೆಲ್ಲ ಈವರೆಗೆ ಅವಳ ಸೆರಗಿನಲ್ಲಿ ಬಿಟ್ಟು ಬರುತ್ತಿದ್ದೆ. ಇನ್ನು ಎಲ್ಲಿಗೆ ಹೋಗುವುದು ಎಂದು ನಿಂತಲ್ಲೇ ಅಳು ಬಂತು. ಗಿರಿಜಕ್ಕ ಹೋದ ಮೇಲೆ ಅಜ್ಜಿ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದಳು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಬಾಯಿ ತಾಗಿಸಿ ಹೇಳಿದರೆ ಒಂದಿಷ್ಟು ಕೇಳುತ್ತದೆ ಎಂದಳು.

"ಮಣಿಪಾಲದಲ್ಲಿ ದೊಡ್ಡ ಡಾಕ್ಟ್ರು ಇದ್ದಾರೆ ಅಲ್ವಾ ಅಜ್ಜಿ?" ಎಂದು ಎಡಗಿವಿಗೆ ಹೇಳಿದೆ.

"ಡಾಕ್ಟ್ರು ನಿನ್ನ ಅಪ್ಪನಿಗೆ ಹೇಳುತ್ತಾರೆ. ನಿನ್ನ ಅಪ್ಪನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ, ಸೊಲೊಮನ್ ಮಾಸ್ಟ್ರಿಗೆ ಹೇಳುತ್ತಾನೆ. ಮತ್ತೆ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಅಲ್ಲಿ ಕೂತು ನಾನು ಎಂತ ಮಾಡುವುದು ಮಾರಾಯ್ತಿ?"

ಸೊಲೊಮನ್ ಮಾಸ್ಟ್ರು ನನ್ನ ಶಾಲೆಯ ಹೆಡ್‌ಮಾಸ್ತರು, ಸಭೆಯ ಹಿರಿಯರಲ್ಲಿ ಮುಖ್ಯರು. ಒಬ್ಬರೇ ಸಂಗೀತ ಎತ್ತುವುದು ಹಳೆಯ ಕಾಲದ ಪದ್ಧತಿ, ಹಾರ್ಮೋನಿಯಂ ರಿಪೇರಿ ಮಾಡಿಸಿ ಕಲಿತವರೊಬ್ಬರನ್ನು ಕೂರಿಸಬೇಕು ಎಂಬುದು ಅವರ ವಾದ. ಕೆಟ್ಟವರಲ್ಲ. ಅವರಿಗೆ ಎಲ್ಲವೂ ಸರಿಯಾಗಿರಬೇಕು, ಅಷ್ಟೆ. ಅಂಥವರೆಂದರೆ ನನಗೆ ಇನ್ನೂ ಹೆದರಿಕೆ. ಹಿಂದಿನ ತಿಂಗಳು ಅಜ್ಜಿ ಒಂದು ಸಂಗೀತವನ್ನು ತೀರ ಮೇಲೆ ಹಿಡಿದಾಗ ಅವರು ತಿರುಗಿ ನೋಡಿದ್ದರು. ಆ ನೋಟ ಅಜ್ಜಿಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಉಪಾಯ ಅಜ್ಜಿಯದ್ದೇ. ಅಯ್ಯನವರು ಶನಿವಾರ ಹಾಡಿನ ನಂಬರುಗಳ ಚೀಟಿ ಕಳಿಸುತ್ತಿದ್ದರು. ಕೋಣೆಯ ಬಾಗಿಲು ಹಾಕಿ, ಅಕ್ಕಿ ಪೆಟ್ಟಿಗೆಯ ಮೇಲೆ ಕುಳಿತು, ಪ್ರತಿಯೊಂದು ಹಾಡಿನ ಮೊದಲ ಸ್ವರವನ್ನು ಅವಳು ನನಗೆ ಕಲಿಸಿದಳು. ಗಂಟಲಿನಲ್ಲಿ ಹುಡುಕಬೇಡ, ಹೊಟ್ಟೆಯಲ್ಲಿ ಹುಡುಕು ಎನ್ನುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಅಯ್ಯನವರು ನಂಬರು ಹೇಳುವ ಹೊತ್ತಿಗೆ ನಾನು ಕೈಯಲ್ಲಿದ್ದ ಸಂಗೀತದ ಪುಸ್ತಕ ಕೆಳಗೆ ಬೀಳಿಸಬೇಕು. ಅದನ್ನು ಹೆಕ್ಕಲು ಇಬ್ಬರೂ ಬಗ್ಗುತ್ತೇವೆ. ಬೆಂಚಿನ ಮರೆಯಲ್ಲಿ ನಾನು ಅವಳ ಎಡಗಿವಿಗೆ ಸ್ವರ ಗುನುಗಬೇಕು. ಅವಳು ಎದ್ದು ನಿಂತು ಎತ್ತುತ್ತಾಳೆ. ಮೊದಲ ಭಾನುವಾರ ನನ್ನ ಅಂಗೈ ಎಷ್ಟು ಬೆವೆತಿತ್ತೆಂದರೆ ನಾನು ಬೀಳಿಸುವ ಮೊದಲೇ ಪುಸ್ತಕ ತಾನಾಗಿ ಬಿತ್ತು.

ಪ್ರತಿ ಭಾನುವಾರ ಮೂರು ಸಲ, ನಾಲ್ಕು ಸಲ. ಈ ಸುಗುಣಳ ಕೈಗೆ ಎಲುಬಿಲ್ಲ ಎಂದು ಹೆಂಗಸರು ನಕ್ಕರು. ದೇವರ ಪುಸ್ತಕ ನೆಲಕ್ಕೆ ಹಾಕುತ್ತೀಯಲ್ಲ ಎಂದು ಅಮ್ಮ ಎರಡು ಸಲ ಕಿವಿ ಹಿಂಡಿದಳು. ಅದರಿಂದ ನೋವಾಗಲಿಲ್ಲ. ದೇವರ ಎದುರಿಗೇ ನಾಟಕ ಆಡುತ್ತಿದ್ದೇನೆ, ಎಂದಾದರೂ ಒಂದು ದಿನ ಮಾಡಿನ ಹಂಚು ನನ್ನ ತಲೆಯ ಮೇಲೆಯೇ ಬೀಳುತ್ತದೆ ಎಂದು ಕಣ್ಣು ಮೇಲಿಟ್ಟುಕೊಂಡು ಕೂರುತ್ತಿದ್ದೆ. ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಗಂಟಲು ಸರಿ ಇಲ್ಲ ಎಂದು ಹೇಳಿ ಅಜ್ಜಿ ಶನಿವಾರದ ಅಭ್ಯಾಸ ನಿಲ್ಲಿಸಿದಳು. ಅಮ್ಮ ಕರೆದರೆ ಉತ್ತರ ಕೊಡುತ್ತಿರಲಿಲ್ಲ. ಕಾರ್ಕಳದ ಮಾತುಗಾರರ ಮನೆಯಿಂದ ಬಂದ ಅಮ್ಮನಿಗೆ ಮೌನವೆಂದರೆ ಅವಮಾನ.

"ಮೂರು ಸಲ ಕರೆದೆ, ಗೋಡೆಗೆ ಹೇಳಿದ ಹಾಗೆ ಆಯಿತು. ನನ್ನ ಸ್ವರ ಕೇಳಿದರೆ ಅತ್ತೆಗೆ ಆಗುವುದಿಲ್ಲ, ಬೇಕೆಂದೇ ಮಾಡುವುದು" ಎಂದು ಅಪ್ಪನ ಹತ್ತಿರ ಅತ್ತಳು.

ನಾನು ನೀರುದೋಸೆಯನ್ನು ಚೂರು ಚೂರು ಮಾಡುತ್ತಾ ತಟ್ಟೆ ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅಮ್ಮನ ಅಳು ನಿಲ್ಲುತ್ತಿತ್ತು. ಹೇಳಿದರೆ ಅಜ್ಜಿ ಹಿಂದಿನ ಬೆಂಚಿಗೆ. ನುಂಗಲೂ ಆಗದೆ ಉಗುಳಲೂ ಆಗದೆ ಆ ಮಾತನ್ನು ವರ್ಷವೆಲ್ಲ ಬಾಯಲ್ಲೇ ಇಟ್ಟುಕೊಂಡೆ.

ಮಳೆಗಾಲ ಮುಗಿಯುವಾಗ ಅಯ್ಯನವರು ಮನೆಭೇಟಿಗೆ ಬಂದರು. ಅವರದ್ದೊಂದು ಪದ್ಧತಿ ಇತ್ತು. ಸಭೆ ಎಂದರೆ ಒಂದು ದೇಹ, ಅದರಲ್ಲಿ ಕೆಲಸವಿಲ್ಲದ ಅಂಗ ಎಂಬುದಿಲ್ಲ ಎಂದು ಹೇಳಿ, ಸಭೆಯನ್ನು ಕಟ್ಟುವುದರಲ್ಲಿ ನಿಮ್ಮ ಪಾಲು ಏನು ಎಂದು ಮನೆಯ ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಅಪ್ಪ ಹಂಚು ಎಂದ, ಅಮ್ಮ ಬಟ್ಟೆ ಎಂದಳು. ಅಜ್ಜಿ ಅವರ ತುಟಿಯನ್ನೇ ನೋಡುತ್ತಿದ್ದವಳು, ಕೇಳಿಸಿತೋ ಊಹಿಸಿದಳೋ, ಸಂಗೀತ ಎತ್ತುವುದು ಅಯ್ಯಾ, ಜೀವ ಇರುವವರೆಗೆ ಎಂದಳು. ಆಮೇಲೆ ಅಯ್ಯನವರು ನನ್ನ ಕಡೆ ತಿರುಗಿದರು.

"ನಿನ್ನದು ಎಂತ ಮಗಾ?"

ನನಗೂ ಒಂದು ಕೆಲಸ ಇತ್ತು, ಅಲ್ಲಿದ್ದ ಯಾರದ್ದಕ್ಕಿಂತಲೂ ಕಷ್ಟದ್ದು. ಪುಸ್ತಕ ಬೀಳಿಸುವುದು ಎಂದು ಹೇಳುವುದು ಹೇಗೆ? ಅಜ್ಜಿ ಬೆನ್ನ ಹಿಂದಿನಿಂದ ನನ್ನ ಜಡೆ ಹಿಡಿದುಕೊಂಡಿದ್ದಳು. ಎಳೆಯಲಿಲ್ಲ, ಹಿಡಿದುಕೊಂಡಿದ್ದಳು.

"ಏನೂ ಇಲ್ಲ ಅಯ್ಯಾ" ಎಂದೆ.

"ಹಾಗೆ ಹೇಳಬಾರದು. ಹುಡುಕು, ಸಿಗುತ್ತದೆ" ಎಂದು ಅವರು ಚಹಾ ಕುಡಿದು ಎದ್ದರು.

ಆಮೇಲೆ ಬಂತು ಮೊದಲ ಫಲದ ಆರಾಧನೆ. ಹೊಸ ಬೆಳೆ ಮನೆಗೆ ಬಂದಾಗ ಪ್ರತಿ ಮನೆಯವರೂ ಅದರ ಮೊದಲ ಪಾಲನ್ನು ಚರ್ಚಿಗೆ ತರುವ ಭಾನುವಾರ ಅದು. ಮೇಜಿನ ಮುಂದೆ ಭತ್ತದ ತೆನೆ, ಮುಳ್ಳುಸೌತೆ, ಬಾಳೆಗೊನೆ, ಕಾಲು ಕಟ್ಟಿದ ಎರಡು ಕೋಳಿ. ಶಂಕರಪುರದಿಂದ ತಂದ ಮಲ್ಲಿಗೆಯ ವಾಸನೆ ಬಾಗಿಲಿನವರೆಗೂ ಬರುತ್ತಿತ್ತು. ಪ್ರಸಂಗಕ್ಕೆ, ಎಂದರೆ ಆರಾಧನೆಯ ಉಪದೇಶಕ್ಕೆ, ಕಾರ್ಕಳದ ಕಡೆಯಿಂದ ಬೇರೆ ಅಯ್ಯನವರು ಬಂದಿದ್ದರು. ಎರಡು ಸಂಗೀತ ಯಾವ ತೊಂದರೆಯೂ ಇಲ್ಲದೆ ಆಯಿತು. ಎರಡು ಸಲ ಪುಸ್ತಕ ಬಿತ್ತು. ಪ್ರಸಂಗ ಮುಗಿಯುತ್ತಾ ಬಂದಾಗ ನಾನು ಮೂರನೆಯ ಸಲ ಬೀಳಿಸಿದೆ, ಇಬ್ಬರೂ ಬಗ್ಗಿದೆವು, ಚೀಟಿಯಲ್ಲಿದ್ದ ಕೊನೆಯ ಸಂಗೀತದ ಸ್ವರ ಕೊಟ್ಟೆ. ನಾವು ತಲೆ ಎತ್ತುವಷ್ಟರಲ್ಲಿ ಬಂದ ಅಯ್ಯನವರು, ಇಂಥ ಸಂತೋಷದ ದಿನ ಬೇರೆ ಒಂದನ್ನು ಹಾಡೋಣ ಎಂದು ಹೊಸ ನಂಬರು ಹೇಳಿಬಿಟ್ಟರು. ಚರ್ಚಿನ ತುಂಬ ಪುಟ ಮಗುಚುವ ಸದ್ದು. ನಾನು ಅಜ್ಜಿಯ ಸೆರಗು ಎಳೆದೆ. ಹೂಂ, ಗೊತ್ತಾಯಿತು ಎಂಬಂತೆ ತಲೆಯಾಡಿಸಿ ಅವಳು ಎತ್ತಿದಳು, ಹಳೆಯ ಚೀಟಿಯ ಹಾಡನ್ನು. ಯೇಸುವಿನ ಮರಣ ನೆನೆಯುವ ಶುಭ ಶುಕ್ರವಾರಕ್ಕೆ ಒಪ್ಪುವಂಥ ನಿಧಾನದ ಹಾಡು.

ಮೊದಲ ಸಾಲು ಮುಗಿಯಿತು. ಉಳಿದವರು ಸೇರಬೇಕಾದ ಜಾಗದಲ್ಲಿ ಯಾರೂ ಸೇರಲಿಲ್ಲ. ಆ ನಿಶ್ಶಬ್ದ ನನಗೆ ಇವತ್ತಿಗೂ ಕೇಳುತ್ತದೆ. ಅಜ್ಜಿಗೆ ಕೇಳಲಿಲ್ಲ. ಇಡೀ ಸಭೆ ತನ್ನ ಹಿಂದೆ ಹಾಡುತ್ತಿದೆ ಎಂಬ ನಂಬಿಕೆಯಲ್ಲಿ ಅವಳು ಗದ್ದ ಎತ್ತಿ, ಕಣ್ಣು ಮುಚ್ಚಿ, ಒಬ್ಬಳೇ ಎರಡನೆಯ ಸಾಲಿಗೆ ಹೋದಳು. ಸೊಲೊಮನ್ ಮಾಸ್ಟ್ರು ತಿರುಗಿದರು. ಕಟ್ಟಿಹಾಕಿದ್ದ ಕೋಳಿ ಒಮ್ಮೆ ಕೊಕ್ಕರಿಸಿತು, ಯಾರೋ ಮಕ್ಕಳು ನಕ್ಕರು. ಆ ಹಾಡು ನನಗೆ ಬಾಯಿಪಾಠ ಇತ್ತು. ಬಾಯಿ ತೆರೆದಿದ್ದರೆ ಅವಳು ಒಂಟಿಯಾಗುತ್ತಿರಲಿಲ್ಲ. ಹೆದರಿ ನಾನು ತೆರೆಯಲಿಲ್ಲ. ಮೂರನೆಯ ಸಾಲಿಗೆ ನಮ್ಮ ಹಿಂದಿನಿಂದ ಯಾಕೋಬ ಮಾಮ ತಮ್ಮ ಬೇಸ್ ಧ್ವನಿಯಲ್ಲಿ ಸೇರಿದರು. ಆಮೇಲೆ ಅಪ್ಪ, ಆಮೇಲೆ ಅಮ್ಮ. ಪುಟಗಳು ಮತ್ತೆ ಮಗುಚಿದವು. ಎರಡನೆಯ ಚರಣಕ್ಕೆ ಇಡೀ ಚರ್ಚು ಆ ತಪ್ಪು ಹಾಡನ್ನೇ ಹಾಡುತ್ತಿತ್ತು, ಬಂದ ಅಯ್ಯನವರು ಕೂಡ. ಕೊನೆಯ ಚರಣ ಮುಗಿಸಿ ಕಣ್ಣು ತೆರೆದ ಅಜ್ಜಿ ಮುಂದಿನ ಬೆಂಚಿನವರ ಕೈಯಲ್ಲಿದ್ದ ಪುಸ್ತಕ ನೋಡಿದಳು. ಅವರು ತಮ್ಮ ಹೆಬ್ಬೆರಳನ್ನು ಬೇರೆಯೇ ಪುಟದಲ್ಲಿ, ಬಂದ ಅಯ್ಯನವರು ಹೇಳಿದ ಹಾಡಿನ ಪುಟದಲ್ಲಿ, ಇಟ್ಟುಕೊಂಡಿದ್ದರು. ಅಷ್ಟರಿಂದಲೇ ಅವಳಿಗೆ ಎಲ್ಲ ತಿಳಿಯಿತು.

ಆ ಮಧ್ಯಾಹ್ನ ಕೋಳಿ ಸಾರು ಮಾಡಿದ್ದರೂ ಯಾರಿಗೂ ಊಟ ಸೇರಲಿಲ್ಲ. ಅಮ್ಮ ಅಜ್ಜಿಯ ಪಕ್ಕ ಕುಳಿತು, ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಕಿವಿಗೆ ಬಾಯಿ ತಾಗಿಸಿ ಕೇಳಿದಳು.

"ಎಷ್ಟು ದಿನದಿಂದ ಅತ್ತೆ? ನನ್ನ ಹತ್ತಿರ ಆದರೂ ಹೇಳಬಾರದಿತ್ತಾ?"

ಅಜ್ಜಿ ಅಮ್ಮನ ಕೈ ತಟ್ಟಿದಳು. ನನ್ನನ್ನು ನೋಡಿ ಹೇಳಿದಳು:

"ಶುರುವಿನಲ್ಲಿ ಒಮ್ಮೆ ಓರೆಗಣ್ಣಿನಲ್ಲಿ ನೋಡಿದೆ ಮಗಾ. ನಿನ್ನ ಬಾಯಿ ಮುಚ್ಚಿತ್ತು. ಪುಟ ಹುಡುಕುತ್ತಿದ್ದಿ ಅಂತ ಎಣಿಸಿದೆ."

ಬೈದಿದ್ದರೆ ಒಳ್ಳೆಯದಿತ್ತು. ನಾಚಿಕೆಯಿಂದ ಎದ್ದು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದು ಒಳಗೆ ಬರುವಾಗ ಚಾವಡಿಯಲ್ಲಿ ಸೊಲೊಮನ್ ಮಾಸ್ಟ್ರು ಕುಳಿತಿದ್ದರು. ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಎಸ್ತೇರಮ್ಮ ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ, ಹಾರ್ಮೋನಿಯಮ್ಮಿನ ವ್ಯವಸ್ಥೆ ತಾವು ಮಾಡುತ್ತೇವೆ ಎಂದು ಅಪ್ಪನಿಗೆ ವಿವರಿಸಿದರು. ಅಜ್ಜಿಗೆ ಒಂದು ಅಕ್ಷರವೂ ಕೇಳಿರಲಾರದು. ಮುಖಗಳನ್ನು ನೋಡಿಯೇ ಅವಳಿಗೆ ಸಾಕಾಯಿತು.

"ಬರುವ ಭಾನುವಾರ ಸುಗುಣ ಎತ್ತುತ್ತಾಳೆ. ಅವಳಿಗೆ ಎಲ್ಲ ಸ್ವರ ಬರುತ್ತದೆ. ಈ ವರ್ಷ ನಿಮಗೆ ಸ್ವರ ಕೊಟ್ಟದ್ದು ಅವಳೇ, ನಾನಲ್ಲ" ಎಂದಳು.

ಮಾಸ್ಟ್ರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಪುಸ್ತಕ ಬೀಳುತ್ತಿದ್ದದ್ದರ ಲೆಕ್ಕವೆಲ್ಲ ಅವರ ತಲೆಯಲ್ಲಿ ಈಗ ಕೂಡಿಬರುತ್ತಿದೆ ಎಂದು ನನಗೆ ಗೊತ್ತಾಯಿತು.

"ಹೌದಾ? ಎತ್ತುತ್ತೀಯಾ?"

ಇಲ್ಲ ಎನ್ನಲು ಧೈರ್ಯ ಸಾಲದೆ ಹೌದು ಎಂದು ತಲೆಯಾಡಿಸಿದೆ. ಆ ವಾರವೆಲ್ಲ ಜ್ವರ ಬರಲಿ ಎಂದು ದೇವರನ್ನು ಬೇಡಿಕೊಂಡೆ. ಒದ್ದೆ ತಲೆಯಲ್ಲಿ ಮಲಗಿದೆ, ಒಣಗಿಸಿಟ್ಟಿದ್ದ ಹುಳಿ ಪುನರ್ಪುಳಿ ಸಿಪ್ಪೆ ಎಷ್ಟು ಸಿಕ್ಕಿತೋ ಅಷ್ಟು ತಿಂದೆ. ಏನೂ ಆಗಲಿಲ್ಲ. ದೇವರೂ ಅಜ್ಜಿಯ ಪಕ್ಷ ಎಂದು ಖಾತ್ರಿಯಾಯಿತು.

ಭಾನುವಾರ ಯಾಕೋಬ ಮಾಮ ಗಂಟೆ ಹೊಡೆದದ್ದು ನನ್ನ ಎದೆಯೊಳಗೇ ಹೊಡೆದಂತಿತ್ತು. ಅಜ್ಜಿ ಹಿಂದಿನ ಬೆಂಚಿಗೆ ಹೋಗಲಿಲ್ಲ, ಎಂದಿನಂತೆ ನನ್ನ ಬಲಕ್ಕೆ ಕುಳಿತಳು. ಅಯ್ಯನವರು ನಂಬರು ಹೇಳಿದರು. ನಾನು ಎದ್ದು ನಿಂತೆ. ಹೊಟ್ಟೆಯಲ್ಲಿ ಹುಡುಕಿದೆ, ಗಂಟಲಿನಲ್ಲಿ ಹುಡುಕಿದೆ, ಎಲ್ಲಿಯೂ ಸ್ವರ ಇರಲಿಲ್ಲ. ಅಕ್ಕಿ ಪೆಟ್ಟಿಗೆಯ ಮೇಲೆ ನೂರು ಸಲ ಹಾಡಿದ ಹಾಡು ಅದು. ಮಾಸ್ಟ್ರು ಕಾಯುತ್ತಿದ್ದರು, ಅಯ್ಯನವರು ಕಾಯುತ್ತಿದ್ದರು, ಬೆಂಚುಗಳು ಕಿರುಗುಟ್ಟಿದವು. ಅಜ್ಜಿ ಎಡಕ್ಕೂ ಬಲಕ್ಕೂ ನೋಡಿದಳು. ಯಾರ ತುಟಿಯೂ ಅಲುಗುತ್ತಿಲ್ಲ ಎಂಬುದನ್ನು ಕಂಡಳು.

ಆಗ ಅವಳ ಕೈಯಲ್ಲಿದ್ದ ಪುಸ್ತಕ ಧೊಪ್ಪೆಂದು ನೆಲಕ್ಕೆ ಬಿತ್ತು.

ಇಬ್ಬರೂ ಬಗ್ಗಿದೆವು. ಬೆಂಚಿನ ಮರೆಯಲ್ಲಿ, ಧೂಳಿನ ವಾಸನೆಯ ಆ ಸಣ್ಣ ಜಾಗದಲ್ಲಿ, ಅಜ್ಜಿ ನನ್ನ ಕಿವಿಗೆ ಬಾಯಿ ತಾಗಿಸಿ ಗುನುಗಿದಳು. ತಾನು ಗುನುಗುವುದು ತನಗೇ ಕೇಳದ ಹೆಂಗಸು. ಸ್ವರ ತಪ್ಪಿತ್ತು. ಇರಬೇಕಾದದ್ದಕ್ಕಿಂತ ಎಷ್ಟೋ ಕೆಳಗೆ ಇತ್ತು, ಅದು ನನಗೆ ಕೇಳಿದ ಕೂಡಲೇ ತಿಳಿಯಿತು. ಸರಿಯಾದ ಸ್ವರವೂ ಆ ಕ್ಷಣದಲ್ಲೇ ಹೊಟ್ಟೆಯಲ್ಲಿ ಸಿಕ್ಕಿತು. ನಾನು ಎದ್ದು ನಿಂತು ಅಜ್ಜಿ ಕೊಟ್ಟ ಸ್ವರದಲ್ಲೇ ಎತ್ತಿದೆ. ಎರಡನೆಯ ಸಾಲಿಗೆ ಸಭೆ ಸೇರಿತು. ಹೆಂಗಸರು ಗೊಣಗಿದಂತೆ ಹಾಡಿದರು, ಗಂಡಸರು ತಳ ಹುಡುಕಿದರು, ಸೊಲೊಮನ್ ಮಾಸ್ಟ್ರಂತೂ ಬರೀ ಬಾಯಿ ಆಡಿಸಿದರು. ಐದು ಚರಣ ಹಾಗೆಯೇ ಹಾಡಿದೆವು. ಅಷ್ಟೂ ಹೊತ್ತು ಅಜ್ಜಿಯ ಕಣ್ಣು ನನ್ನ ತುಟಿಯ ಮೇಲಿತ್ತು.

ಆರಾಧನೆ ಮುಗಿದು ಅಂಗಳಕ್ಕೆ ಬಂದಾಗ ಯಾಕೋಬ ಮಾಮ ಎದೆ ನೀವಿಕೊಳ್ಳುತ್ತಾ ಹತ್ತಿರ ಬಂದರು.

"ನನ್ನ ಸ್ವರ ಹೆಕ್ಕಲಿಕ್ಕೆ ಇವತ್ತು ಬಾವಿಗೆ ಇಳಿಯಬೇಕಾಯಿತು ಮಾರಾಯ್ತಿ" ಎಂದು ನನ್ನ ತಲೆಗೆ ಮೊಟಕಿ ಹೋದರು.

ಅಜ್ಜಿ ಅವರು ಹೋಗುವುದನ್ನೇ ಕಾದಳು. ನನ್ನನ್ನು ಕಂಪೌಂಡಿನ ಮೂಲೆಗೆ ಕರೆದು, ತಲೆ ಬಗ್ಗಿಸಿ ಎಡಗಿವಿ ಕೊಟ್ಟಳು.

"ನಾನು ಕೊಟ್ಟ ಸ್ವರ ಸರಿ ಇತ್ತಾ?"

ಸುಳ್ಳು ಹೇಳುವವರ ಗತಿ ಏನೆಂದು ನಮ್ಮ ಭಾನುವಾರದ ಶಾಲೆಯಲ್ಲಿ ಚಿತ್ರ ತೋರಿಸಿ ಕಲಿಸಿದ್ದರು. ಚರ್ಚಿನ ಬಾಗಿಲು ಇನ್ನೂ ತೆರೆದೇ ಇತ್ತು, ಮೇಜಿನ ಮೇಲೆ ಅಮ್ಮ ಗಂಜಿ ಹಾಕಿದ ಬಿಳಿ ಬಟ್ಟೆ ಕಾಣುತ್ತಿತ್ತು. ನಾನು ಅಜ್ಜಿಯ ಕಿವಿಗೆ ಬಾಯಿ ತಾಗಿಸಿದೆ.

"ಸರೀ ಇತ್ತು ಅಜ್ಜಿ."

ಆ ಇಡೀ ವರ್ಷದಲ್ಲಿ ನನಗೆ ಹೆದರಿಕೆ ಆಗದೆ ಹೊರಬಂದ ಮಾತು ಅದೊಂದೇ.